ನೆರೆಮಾತಿನ ಸಹವಾಸದಲ್ಲಿ ವ್ಯಾಕರಣ

ಎರಡು ಭಾಷೆಗಳು ಅಕ್ಕಪಕ್ಕ ಬಾಳಿದಾಗ ಮೊದಲು ಗಡಿ ದಾಟುವುದು ಪದಗಳು, ಅವುಗಳಲ್ಲೂ ವಸ್ತುಗಳ ಹೆಸರುಗಳು. ಕನ್ನಡಕ್ಕೆ ಪೋರ್ಚುಗೀಸಿನಿಂದ ಚಾವಿ, ಪಾದ್ರಿ ಬಂದವು. ಪಾರಸಿಯಿಂದ ಜಮೀನು, ದರ್ಜಿ ಬಂದವು. ಇಂಗ್ಲಿಷಿನಿಂದ ಬಂದವುಗಳ ಲೆಕ್ಕ ಇಡುವವರಿಲ್ಲ. ವಿಭಕ್ತಿ ಪ್ರತ್ಯಯ, ಕ್ರಿಯಾಪದದ ಕೊನೆಯ ರೂಪ, ಲಿಂಗವ್ಯವಸ್ಥೆ, ವಾಕ್ಯ ಕಟ್ಟುವ ಬಗೆ ಇವು ಇಷ್ಟು ಸಲೀಸಾಗಿ ಕೈ ಬದಲಾಯಿಸುವುದಿಲ್ಲ. ಆದ್ದರಿಂದಲೇ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಆಂಟ್ವಾನ್ ಮೆಯೆಯಂಥ ವಿದ್ವಾಂಸರು ವ್ಯಾಕರಣದ ಚೌಕಟ್ಟಿನೊಳಗೆ ಹೊರಗಿನದು ನುಸುಳಲಾರದು ಎಂದು ನಂಬಿದ್ದರು. ಆಸ್ಟ್ರಿಯಾದ ಹ್ಯೂಗೊ ಶುಕಾರ್ಟ್ ಅದಕ್ಕೂ ಮುಂಚೆಯೇ ಇದರ ವಿರುದ್ಧ ದನಿ ಎತ್ತಿ, ಬೆರಕೆಯಿಲ್ಲದ ಭಾಷೆಯೇ ಇಲ್ಲ ಎಂದಿದ್ದ. ಭಾರತದಲ್ಲಿ ಸಿಕ್ಕ ಪುರಾವೆಗಳು ಶುಕಾರ್ಟ್‌ನ ಕಡೆಗೇ ಹೆಚ್ಚು ತೂಗುತ್ತವೆ.

ಮರೇ ಎಮಿನೊ 1956ರಲ್ಲಿ ಬರೆದ ಪ್ರಬಂಧವೊಂದು ಇಡೀ ಭಾರತವನ್ನು ಒಂದೇ ‘ಭಾಷಾವಲಯ’ವಾಗಿ ನೋಡಿತು. ದ್ರಾವಿಡ, ಇಂಡೋ-ಆರ್ಯನ್, ಮುಂಡಾ ಭಾಷೆಗಳ ಮೂಲ ಬೇರೆ ಬೇರೆ. ಹಾಗಿದ್ದೂ ಒಂದು ಮನೆತನದ ಭಾಷೆಗೆ ದೂರದ ದಾಯಾದಿಗಿಂತ ಪಕ್ಕದ ಮನೆಯ ಪರಕೀಯ ಭಾಷೆಯೇ ಹಲವು ವಿಷಯಗಳಲ್ಲಿ ಹತ್ತಿರ. ಕನ್ನಡಿಗರು ‘ಪುಸ್ತಕ ಗಿಸ್ತಕ’ ಎಂದರೆ ಮರಾಠಿಗರು ‘ಪುಸ್ತಕ್ ಬಿಸ್ತಕ್’ ಎನ್ನುತ್ತಾರೆ, ಹಿಂದಿಯವರು ‘ಕಿತಾಬ್ ವಿತಾಬ್’ ಎನ್ನುತ್ತಾರೆ. ಹಸಿವು ‘ನನಗೆ’ ಆಗುತ್ತದೆ. ಮರಾಠಿಯಲ್ಲಿ ‘ಮಲಾ’, ಹಿಂದಿಯಲ್ಲಿ ‘ಮುಝೆ’. ಅನುಭವಿಸುವವನನ್ನು ಚತುರ್ಥಿಯಲ್ಲಿ ಇಡುವ ಈ ರೂಢಿ ಮೂರಕ್ಕೂ ಒಂದೇ. ‘ಉಂಡು, ಕೈತೊಳೆದು, ಬಂದು ಕೂತ’ ಎಂದು ಕ್ರಿಯೆಗಳನ್ನು ಸರಪಣಿಯಾಗಿ ಪೋಣಿಸುವುದೂ ಹಾಗೆಯೇ.

ಇಡೀ ಉಪಖಂಡದ ಹರವಿನಲ್ಲಿ ಹೀಗೆ ಕಾಣುವ ಹೋಲಿಕೆಯನ್ನು ಒಂದೇ ಊರೊಳಗೆ ತೋರಿಸಿಕೊಟ್ಟದ್ದು ಸಾಂಗ್ಲಿ ಜಿಲ್ಲೆಯ ಕುಪ್ವಾಡ. ಕರ್ನಾಟಕದ ಗಡಿಯಿಂದ ಹೆಚ್ಚು ದೂರವಿಲ್ಲದ, ಆಗ ಸುಮಾರು ಮೂರು ಸಾವಿರ ಜನರಿದ್ದ ಈ ಹಳ್ಳಿಯ ಮಾತನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ಜಗತ್ತಿನ ಭಾಷಾಸಂಪರ್ಕದ ಪಠ್ಯಗಳಲ್ಲಿ ಅಲ್ಲಿಂದೀಚೆಗೆ ಕುಪ್ವಾಡದ ಹೆಸರು ತಪ್ಪಿದ್ದು ಕಡಿಮೆ. ಊರಿನ ಜೈನರ ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸ್ಲಿಮರದು ಉರ್ದು, ದಲಿತರ ಹಾಗೂ ಭೂಮಿಯಿಲ್ಲದ ಕೂಲಿಕಾರರ ಮನೆಮಾತು ಮರಾಠಿ, ಹಗ್ಗ ಹೊಸೆಯುವ ಕೆಲವು ಕುಟುಂಬಗಳದು ತೆಲುಗು. ಜಮೀನು ಹೆಚ್ಚಾಗಿ ಜೈನರ ಮತ್ತು ಮುಸ್ಲಿಮರ ಕೈಯಲ್ಲಿತ್ತು. ಹೊಲ, ಅಂಗಡಿ, ಕಟ್ಟೆಗಳಲ್ಲಿ ಗಂಡಸರು ದಿನವೂ ಎರಡು ಮೂರು ಭಾಷೆ ಆಡುತ್ತಿದ್ದರು. ಜಾತಿ ಬೇರೆಯಾದವರು ಎದುರಾದಾಗ ಸಾಮಾನ್ಯವಾಗಿ ಮರಾಠಿ ನಡೆಯುತ್ತಿತ್ತು, ಏಕೆಂದರೆ ಅದು ಊರಿನ ಬಲಾಢ್ಯ ಗುಂಪುಗಳಲ್ಲಿ ಯಾವುದರ ಸ್ವಂತ ಮಾತೂ ಆಗಿರಲಿಲ್ಲ. ಹೊಸ್ತಿಲು ದಾಟಿ ಒಳಗೆ ಹೋದರೆ ಮಾತ್ರ ಮನೆಮಾತೇ. ಈ ಏರ್ಪಾಡು ಕನ್ನಡ–ಮರಾಠಿಗಳ ಮಟ್ಟಿಗಂತೂ ಶತಮಾನಗಳಷ್ಟು ಹಳೆಯದು.

ಇದರ ಫಲ ಏನಾಯಿತೆಂಬುದನ್ನು ಒಂದು ವಾಕ್ಯದಲ್ಲಿ ನೋಡಬಹುದು. ಸ್ವಲ್ಪ ಸೊಪ್ಪು ಕೊಯ್ದು ತಂದೆ ಎನ್ನಲು ಕುಪ್ವಾಡದ ಉರ್ದು ‘ಪಾಲಾ ಜರಾ ಕಾಟ್ ಕೇ ಲೇ ಕೇ ಆಯಾ’ ಎನ್ನುತ್ತದೆ. ಮರಾಠಿ ‘ಪಾಲಾ ಜರಾ ಕಾಪೂನ್ ಘೇಊನ್ ಆಲೋ’ ಎನ್ನುತ್ತದೆ. ಅಲ್ಲಿನ ಕನ್ನಡದ ಸಾಲೂ ಅದೇ: ತಪ್ಪಲ, ಜರಾ, ಕೊಯ್ದು, ತಗೊಂಡು, ಬಂದೆ. ಮೂರನ್ನೂ ಒಂದರ ಕೆಳಗೊಂದು ಬರೆದರೆ ಪದದ ಕೆಳಗೆ ಪದ, ಪ್ರತ್ಯಯದ ಕೆಳಗೆ ಪ್ರತ್ಯಯ ಸರಿಯಾಗಿ ಕೂರುತ್ತದೆ. ಅಚ್ಚು ಒಂದೇ, ಎರಕ ಹೊಯ್ದ ಲೋಹ ಬೇರೆ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊರಳುವವನು ಪದಗಳನ್ನಷ್ಟೇ ಬದಲಿಸಿದರೆ ಸಾಕು, ವಾಕ್ಯವನ್ನು ಹೊಸದಾಗಿ ಕಟ್ಟಬೇಕಿಲ್ಲ.

ಈ ಹೊಂದಾಣಿಕೆಯಲ್ಲಿ ಬಿಟ್ಟುಕೊಟ್ಟವರು ಒಬ್ಬರೇ ಅಲ್ಲ. ಲಿಂಗದ ವಿಷಯದಲ್ಲಿ ಕನ್ನಡ ಗೆದ್ದಿತು. ಹಿಂದಿ–ಉರ್ದುವಿನಲ್ಲಿ ನದಿ ಸ್ತ್ರೀಲಿಂಗ. ಪ್ರವಾಹ ಬಂತು ಎನ್ನಲು ‘ನದೀ ಆಯೀ’ ಎನ್ನಬೇಕು. ಕುಪ್ವಾಡದ ಉರ್ದುವಿನಲ್ಲಿ ಅದು ‘ನದೀ ಆಯಾ’. ಮನುಷ್ಯರಲ್ಲದ್ದಕ್ಕೆಲ್ಲ ಒಂದೇ ರೂಪ ಎಂಬ ಕನ್ನಡದ ಲೆಕ್ಕ ಅಲ್ಲಿಗೆ ಇಳಿದಿತ್ತು. ಷಷ್ಠಿಯ ವಿಷಯದಲ್ಲಿ ಸೋತದ್ದು ಕನ್ನಡ. ಬೇರೆಡೆಯ ಕನ್ನಡದಲ್ಲಿ ‘ಇದು ನಿಮ್ಮ ಮನೆ’, ‘ಈ ಮನೆ ನಿಮ್ಮದು’ ಎಂದು ಎರಡು ರೂಪ: ನಾಮಪದದ ಹಿಂದೆ ‘ನಿಮ್ಮ’, ವಾಕ್ಯದ ಕೊನೆಗೆ ‘ನಿಮ್ಮದು’. ಮರಾಠಿ, ಉರ್ದುಗಳಲ್ಲಿ ಈ ಭೇದವಿಲ್ಲ; ಎರಡು ಕಡೆಯೂ ‘ತುಮ್ಚಂ’, ಎರಡು ಕಡೆಯೂ ‘ತುಮ್ಹಾರಾ’. ಕುಪ್ವಾಡದ ಕನ್ನಡವೂ ಎರಡನ್ನೂ ಒಂದಾಗಿಸಿ ‘ಇದ್ ನಿಮ್ದ್ ಮನಿ ಐತಿ’ ಎಂದಿತು. ಉತ್ತರ ಕರ್ನಾಟಕದವರಿಗೆ ‘ಐತಿ’ ಹೊಸದಲ್ಲ, ಅದು ಇಲ್ಲಿ ಕೂತಿರುವ ಜಾಗ ಹೊಸದು. ‘ಇದು ನಿಮ್ಮ ಮನೆ’ ಎಂಬಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ. ಮರಾಠಿಗೆ ‘ಆಹೆ’ ಬೇಕು, ಉರ್ದುವಿಗೆ ‘ಹೈ’ ಬೇಕು.

ಇಷ್ಟೆಲ್ಲ ಬೆರೆತ ಮೇಲೂ ಅಲ್ಲಿ ಭಾಷೆಗಳು ಕರಗಿ ಒಂದಾಗಲಿಲ್ಲ ಎಂಬುದೇ ಈ ಕಥೆಯ ಹೆಚ್ಚು ಕುತೂಹಲದ ಭಾಗ. ವಾಕ್ಯದ ಅಚ್ಚು ಸವೆದು ಸಮನಾದರೂ ಬೇರುಪದಗಳು, ಪ್ರತ್ಯಯಗಳ ಧ್ವನಿರೂಪಗಳು ತಂತಮ್ಮವಾಗಿಯೇ ಉಳಿದವು. ಮನೆಮಾತು ಅಲ್ಲಿ ಮನೆತನದ, ಜಾತಿಯ ಗುರುತು. ಕಿವಿಗೆ ಬೀಳುವ ಗುರುತನ್ನು ಜನ ಜತನ ಮಾಡಿದರು. ಯಾರ ಗಮನಕ್ಕೂ ಬಾರದ ಒಳರಚನೆಯನ್ನು ಬದಲಾಗಲು ಬಿಟ್ಟರು. ಬದಲಾವಣೆ ಮತ್ತು ಸ್ಥಿರತೆ ಎರಡನ್ನೂ ಹುಟ್ಟಿಸಿದ್ದು ಒಂದೇ ಜನ, ಒಂದೇ ರೂಢಿ.

ಈ ಚಿತ್ರ ತುಸು ಹೆಚ್ಚೇ ಅಚ್ಚುಕಟ್ಟಾಗಿದೆ ಎಂಬ ಅನುಮಾನ ಬಾರದಿರಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ನಲವತ್ತು ವರ್ಷಗಳ ನಂತರದ ಕುಪ್ವಾಡವನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಪದಕ್ಕೆ ಪದ ಕೂರುತ್ತದೆ ಎಂಬ ಮಾದರಿಯನ್ನೇ ಪ್ರಶ್ನಿಸಿದ್ದಾರೆ. ಊರೂ ಮೊದಲಿನಂತಿಲ್ಲ. ಭಾಷಾವಾರು ರಾಜ್ಯಗಳಾದ ಮೇಲೆ ಶಾಲೆ, ಕಚೇರಿಗಳ ಮರಾಠಿಗೆ ಬಲ ಬಂತು. ಕೈಗಾರಿಕಾ ಪ್ರದೇಶ ಬೆಳೆಯಿತು. 1998ರಲ್ಲಿ ಕುಪ್ವಾಡ ಸಾಂಗ್ಲಿ–ಮಿರಜ್‌ಗಳ ಜೊತೆ ಮಹಾನಗರಪಾಲಿಕೆಯೊಳಗೆ ಸೇರಿತು. ನಾಲ್ಕು ಮಾತುಗಳನ್ನು ಸರಿಸಮವಾಗಿ ಹಿಡಿದಿಟ್ಟಿದ್ದ ಹಳ್ಳಿಯ ಏರ್ಪಾಡು ಸಡಿಲವಾದ ಮೇಲೆ ವ್ಯಾಕರಣಗಳ ಸಮತೋಲ ಹಾಗೆಯೇ ಉಳಿಯಬೇಕೆಂದು ಬಯಸುವುದು ಅತಿಯಾದೀತು.

ಕುಪ್ವಾಡದಲ್ಲಿ ಕೊಡುಕೊಳೆ ಎರಡೂ ಕಡೆಯಿಂದ ನಡೆಯಿತು. ಒಂದೇ ಕಡೆಯಿಂದ ನಡೆದದ್ದಕ್ಕೆ ಕರ್ನಾಟಕದ ಕರಾವಳಿಯ ಕೊಂಕಣಿ ಒಳ್ಳೆಯ ನಿದರ್ಶನ. ಪೋರ್ಚುಗೀಸರ ಕಾಲದಲ್ಲಿ ಗೋವೆಯಿಂದ ತೆಂಕಣಕ್ಕೆ ಬಂದ ಸಾರಸ್ವತರು ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ ಆಡುತ್ತ ತಲೆಮಾರುಗಳನ್ನು ಕಳೆದರು. ಅವರೆಲ್ಲ ಕನ್ನಡ ಕಲಿತರು. ಅಕ್ಕಪಕ್ಕದ ಕನ್ನಡಿಗರು ಕೊಂಕಣಿ ಕಲಿತದ್ದು ಅಪರೂಪ. ಮಂಗೇಶ ನಾಡಕರ್ಣಿ 1975ರಲ್ಲಿ ಇದರ ಪರಿಣಾಮವನ್ನು ಸಂಬಂಧಸೂಚಕ ವಾಕ್ಯಗಳಲ್ಲಿ ತೋರಿಸಿದರು. ಇಂಡೋ-ಆರ್ಯನ್ ಭಾಷೆಗಳಲ್ಲಿ ಇಂಥ ವಾಕ್ಯಕ್ಕೆ ‘ಜೋ’ ಎಂಬ ಪ್ರತ್ಯೇಕ ಸರ್ವನಾಮವಿದೆ. ಕನ್ನಡಕ್ಕೆ ಅದಿಲ್ಲ, ಪ್ರಶ್ನೆಯ ‘ಯಾವ’ವನ್ನೇ ತಂದು, ಕ್ರಿಯಾಪದಕ್ಕೆ ‘ಓ’ ಹಚ್ಚಿ ‘ಯಾವ ಮುದುಕ ಪೇಪರ್ ಓದುತ್ತಿದ್ದಾನೋ ಅವನು ಡಾಕ್ಟರು’ ಎನ್ನಬೇಕು. ಸಾರಸ್ವತರ ಕೊಂಕಣಿ ‘ಖಂಚೊ ಮ್ಹಾಂತಾರೊ ಪೇಪರ್ ವಾಚ್ಚತ್ ಆಸ್ಸ ಕೀ, ತೊ ಡಾಕ್ಟರು ಆಸ್ಸ’ ಎನ್ನುತ್ತದೆ. ‘ಖಂಚೊ’ ಎಂದರೆ ಯಾವ. ‘ಕೀ’ ಪ್ರಶ್ನೆಯ ಗುರುತು. ಒಂದು ಅಕ್ಷರವನ್ನೂ ಕನ್ನಡದಿಂದ ಎತ್ತದೆ ಕನ್ನಡದ ಇಡೀ ವಾಕ್ಯಕ್ರಮವನ್ನು ಕೊಂಕಣಿಯ ಸ್ವಂತ ಸಾಮಗ್ರಿಯಲ್ಲೇ ಕಟ್ಟಲಾಗಿದೆ. ಸಾಲಪದಗಳನ್ನು ಎಣಿಸಿ ಪ್ರಭಾವ ಅಳೆಯುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ.

ದಖ್ಖನ್ ಸೀಮೆಯ ಉರ್ದುವಾದ ದಖ್ಖನಿಯೂ ಇದೇ ಜಾಡಿನದು. ‘ಬರ್ತೀನಿ ಅಂತ ಹೇಳಿದ’ ಎನ್ನುವಾಗ ಕನ್ನಡದ ‘ಅಂತ’ ಇರುವಲ್ಲಿ ಅದು ‘ಬೋಲ್ಕೆ’ ಇಡುತ್ತದೆ. ‘ಮೈಂ ನೇ ರೋಟೀ ಖಾಯೀ’ ಎಂಬಲ್ಲಿ ಉತ್ತರದ ಉರ್ದು ರೊಟ್ಟಿಯ ಲಿಂಗಕ್ಕೆ ಕ್ರಿಯಾಪದ ಹೊಂದಿಸಿದರೆ, ದಖ್ಖನಿ ‘ನೇ’ ಕೈಬಿಟ್ಟು ‘ಮೈಂ ರೋಟೀ ಖಾಯಾ’ ಎಂದು ತಿಂದವನಿಗೇ ಹೊಂದಿಸುತ್ತದೆ.

ಇಂಥ ಉದಾಹರಣೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂದವರು ಸಾರಾ ಥಾಮಸನ್ ಮತ್ತು ಟೆರೆನ್ಸ್ ಕೌಫ್‌ಮನ್. 1988ರ ಅವರ ಪುಸ್ತಕದ ಪ್ರಕಾರ ದಾರಿಗಳು ಎರಡು. ಸ್ವಂತ ಭಾಷೆಯನ್ನು ಉಳಿಸಿಕೊಂಡವರು ಹೊರಗಿನದನ್ನು ಸಾಲ ತಂದಾಗ ಪದಗಳು ಮೊದಲು ಬರುತ್ತವೆ, ಒಡನಾಟ ತೀವ್ರವಾದಂತೆ ವ್ಯಾಕರಣ ಹಿಂದಿನಿಂದ ಬರುತ್ತದೆ. ಸ್ವಂತ ಭಾಷೆಯನ್ನೇ ಬಿಟ್ಟು ಇನ್ನೊಂದಕ್ಕೆ ಹೊರಳಿದವರು ಹಳೆಯ ಪದಗಳನ್ನು ಹಿಂದೆ ಬಿಟ್ಟರೂ ಉಚ್ಚಾರ, ವಾಕ್ಯದ ರೂಢಿಗಳನ್ನು ಹೊಸ ಭಾಷೆಗೆ ಹೊತ್ತು ತರುತ್ತಾರೆ. ಟ, ಡ, ಣಗಳಂಥ ಮೂರ್ಧನ್ಯ ಧ್ವನಿಗಳು ಸಂಸ್ಕೃತಕ್ಕೆ ಈ ಎರಡನೆಯ ದಾರಿಯಲ್ಲಿ, ದ್ರಾವಿಡ ಭಾಷಿಕರ ಬಾಯಿಂದ ಬಂದವೆಂಬ ವಾದ ಹಳೆಯದು, ಒಪ್ಪದವರೂ ಇದ್ದಾರೆ. ಕಲಿಯುವ ವಯಸ್ಸೂ ಮುಖ್ಯ. ದೊಡ್ಡವರಾದ ಮೇಲೆ ಅವಸರದಲ್ಲಿ ಕಲಿತವರು ವ್ಯಾಕರಣದ ಗೋಜಲುಗಳನ್ನು ಸವರಿ ಹಾಕುತ್ತಾರೆ. ಹಸುಗೂಸಿನಿಂದಲೇ ಎರಡು ಭಾಷೆ ಆಡಿ ಬೆಳೆದವರು ಒಂದರ ಗೋಜಲನ್ನೂ ಇನ್ನೊಂದಕ್ಕೆ ದಾಟಿಸಬಲ್ಲರು.

ಇಷ್ಟು ತಿಳಿದು ಕನ್ನಡ–ಸಂಸ್ಕೃತಗಳ ಸಂಬಂಧವನ್ನು ನೋಡಿದರೆ ಅದರ ಸ್ವರೂಪ ಬೇರೆಯಾಗಿ ಕಾಣುತ್ತದೆ. ಸಾವಿರ ವರ್ಷಕ್ಕೂ ಮೀರಿದ ಸಹವಾಸ. ಶಬ್ದಕೋಶದ ದೊಡ್ಡ ಪಾಲು ಸಂಸ್ಕೃತದ್ದು. ಮಹಾಪ್ರಾಣಗಳು ಬಂದವು, ಸಮಾಸಗಳು ಬಂದವು. ಆದರೆ ಸಂಸ್ಕೃತದ ನದಿ ಸ್ತ್ರೀಲಿಂಗವಾದರೂ ಕನ್ನಡದಲ್ಲಿ ನದಿ ‘ಹರಿಯುತ್ತದೆ’, ‘ಹರಿಯುತ್ತಾಳೆ’ ಎನ್ನಬೇಕಾದರೆ ಕವಿಯೇ ಆಗಬೇಕು. ಹೆಂಡತಿ ಎಂಬ ಅರ್ಥದ ಕಲತ್ರ ಸಂಸ್ಕೃತದಲ್ಲಿ ನಪುಂಸಕ, ದಾರ ಪುಲ್ಲಿಂಗ. ಹೆಂಡತಿಯನ್ನು ‘ಬಂದಳು’ ಎನ್ನುವುದನ್ನು ಇವುಗಳಿಗಾಗಿ ಕನ್ನಡ ಬಿಡಲಿಲ್ಲ. ದ್ವಿವಚನ ಬರಲಿಲ್ಲ. ಕರ್ಮಣಿ ಪ್ರಯೋಗದ ‘ಲ್ಪಡು’ ಬರಹದಲ್ಲಿ ನೆಲೆ ಕಂಡಿತು, ಆದರೆ ‘ಅನ್ನ ನನ್ನಿಂದ ಉಣ್ಣಲ್ಪಟ್ಟಿತು’ ಎಂದು ಯಾವ ಮನೆಯಲ್ಲೂ ಯಾರೂ ಹೇಳುವುದಿಲ್ಲ. ಸಂಸ್ಕೃತ ಬಂದದ್ದು ಗ್ರಂಥ, ಶಾಸನ, ಪೂಜೆಗಳ ಮೂಲಕ, ಓದಿದವರ ಮೂಲಕ. ಹೊಲದಲ್ಲಿ, ತೊಟ್ಟಿಲ ಬಳಿ ಅದನ್ನು ಆಡುವವರಿರಲಿಲ್ಲ. ಕುಪ್ವಾಡದಲ್ಲಿ ಮರಾಠಿಗೆ ಸಾಧ್ಯವಾದದ್ದು ಎಷ್ಟೋ ಹೆಚ್ಚು ಗೌರವವಿದ್ದ ಸಂಸ್ಕೃತಕ್ಕೆ ಸಾಧ್ಯವಾಗದಿದ್ದುದು ಇದರಿಂದ. ಓದಿದವರಲ್ಲೂ ಕಾವಲಿನ ಪ್ರಜ್ಞೆ ಇತ್ತು: ಕನ್ನಡ–ಸಂಸ್ಕೃತ ಪದಗಳನ್ನು ಬೆಸೆದ ಅರಿಸಮಾಸವನ್ನು 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಕೆಲವು ವಿನಾಯಿತಿಗಳ ಹೊರತು ನಿಷೇಧಿಸಿದ.

ಹೊರಗಿನ ಕ್ರಿಯೆಯನ್ನು ಕನ್ನಡ ಒಳಗೆ ಬಿಟ್ಟುಕೊಳ್ಳುವ ವಿಧಾನವೂ ಗಮನಾರ್ಹ. ಸಂಸ್ಕೃತದ ಪದಕ್ಕೆ ‘ಇಸು’ ಹಚ್ಚಿ ಪ್ರಕಟಿಸು, ಪ್ರೀತಿಸು ಎಂದಿತು. ಬದಲಾಯಿಸು, ಚಲಾಯಿಸುಗಳಿಗೂ ಅದೇ ಬಾಗಿಲು. ಇಂಗ್ಲಿಷಿಗೆ ‘ಮಾಡು’ ಕಾವಲುಗಾರ: ಫೋನ್ ಮಾಡು, ಡೌನ್‌ಲೋಡ್ ಮಾಡು. ಕಾಲ, ಪುರುಷ, ವಚನದ ಪ್ರತ್ಯಯಗಳೆಲ್ಲ ಈ ಬಾಲಕ್ಕೇ ಅಂಟುವುದರಿಂದ ಪದ ಎಲ್ಲಿಯದಾದರೂ ವ್ಯಾಕರಣ ಅಲುಗುವುದಿಲ್ಲ. ಬೆಂಗಳೂರಿನ ಆಫೀಸಿನಲ್ಲಿ ಕೇಳುವ ‘ಮೀಟಿಂಗ್ ಕ್ಯಾನ್ಸಲ್ ಮಾಡಿ ಎಲ್ಲರಿಗೂ ಮೆಸೇಜ್ ಹಾಕಿದೆ’ ಎಂಬ ಮಾತಿನಲ್ಲಿ ಹೊರಗಿನ ಪದಗಳು ಮೂರು, ಕಟ್ಟಡ ಪೂರ್ತಿ ಕನ್ನಡದ್ದು.

ಸಂಪರ್ಕದ ಒತ್ತಡವನ್ನು ಎಲ್ಲರಿಗಿಂತ ಹೆಚ್ಚು ಉಂಡ ದ್ರಾವಿಡ ಭಾಷೆಯೆಂದರೆ ಪಾಕಿಸ್ತಾನದ ಬಲೂಚಿಸ್ತಾನದಲ್ಲಿ 20 ಲಕ್ಷಕ್ಕೂ ಹೆಚ್ಚು ಜನ ಆಡುವ ಬ್ರಾಹುಯಿ. ಬಲೂಚಿಯ ಜೊತೆ ದ್ವಿಭಾಷಿಕರಾಗಿಯೇ ಬಾಳಿದ ಇವರ ಮಾತಿನಲ್ಲಿ ಒಂದು, ಎರಡು, ಮೂರಕ್ಕೆ ಮಾತ್ರ ಅಸಿಟ್, ಇರಟ್, ಮುಸಿಟ್ ಎಂಬ ದ್ರಾವಿಡ ಪದಗಳಿವೆ. ನಾಲ್ಕರಿಂದ ಮುಂದೆ ಎಲ್ಲ ಸಾಲ. ವಾಕ್ಯಗಳನ್ನು ಜೋಡಿಸುವ ‘ಕಿ’ ಹೊರಗಿನಿಂದ ಬಂದಿದೆ. ಲಿಂಗಭೇದ ಇಲ್ಲವಾಗಿದೆ, ಬಲೂಚಿಯಲ್ಲೂ ಇಲ್ಲ. ಆದರೂ ನೀನು ಎನ್ನಲು ‘ನೀ’, ನಾವು ಎನ್ನಲು ‘ನನ್’, ನೀವು ಎನ್ನಲು ‘ನುಮ್’ ಎನ್ನುತ್ತಾರೆ. ಹಳಗನ್ನಡದ ಮಾಡೆನು, ಬಾರೆನುಗಳಂತೆ ನಿಷೇಧವನ್ನು ಕ್ರಿಯಾಪದದೊಳಗೇ ಹುದುಗಿಸುವ ಪದ್ಧತಿಯೂ ಅಲ್ಲಿ ಬದುಕಿದೆ.

ಲಿಂಗ ಹೋದದ್ದು ಬಲೂಚಿಯಿಂದಲೇ ಎಂದು ಖಚಿತವಾಗಿ ಹೇಳುವುದು ಸುಲಭವಲ್ಲ. ನೆರೆಯ ಒತ್ತಾಸೆಯಿಲ್ಲದೆ ತಾವಾಗಿ ಲಿಂಗಭೇದ ಕಳೆದುಕೊಂಡ ಭಾಷೆಗಳೂ ಇವೆ. ಪ್ರಭಾವವನ್ನು ಸಾಬೀತು ಮಾಡಲು ಆ ಸಂಪರ್ಕಕ್ಕೆ ಸಿಗದೆ ಬೇರೆಡೆ ಉಳಿದ ಅದೇ ಭಾಷೆಯ ಇನ್ನೊಂದು ರೂಪ ಪಕ್ಕದಲ್ಲಿರಬೇಕು. ದಖ್ಖನಿಯನ್ನು ದೆಹಲಿಯ ಉರ್ದುವಿನ ಪಕ್ಕ, ಸಾರಸ್ವತರ ಮಾತನ್ನು ‘ಜೋ’ ಉಳಿಸಿಕೊಂಡ ಮರಾಠಿ ಮೊದಲಾದ ಹತ್ತಿರದ ಬಂಧುಗಳ ಪಕ್ಕ ಇಟ್ಟು ನೋಡಬಹುದು. ಬ್ರಾಹುಯಿಗೆ ಅಂಥ ಜೊತೆಗಾರ ಇಲ್ಲ; ಅದರ ಸಮೀಪದ ಬಂಧುಗಳೆಂದು ಹಲವರು ಗುರುತಿಸುವ ಕುಡುಖ್, ಮಾಲ್ತೋ ಭಾಷೆಗಳು ಇರುವುದು ಜಾರ್ಖಂಡದ ಸುತ್ತಮುತ್ತ, ಉಪಖಂಡದ ಇನ್ನೊಂದು ಕೊನೆಯಲ್ಲಿ.