ಮೈಮೇಲಿನ ಕುರುಹು, ಮನದೊಳಗಿನ ಅರಿವು

ಇತ್ತೀಚಿನ ವರ್ಷಗಳಲ್ಲಿ ನಮ್ಮ ತರುಣರ ಮುಂಗೈ, ತೋಳು, ಕುತ್ತಿಗೆ, ಎದೆಗಳ ಮೇಲೆ ಹಚ್ಚೆಯ ಗುರುತುಗಳು ಹೆಚ್ಚುಹೆಚ್ಚಾಗಿ ಕಾಣಬರುತ್ತಿವೆ. ದೇವರ ಹೆಸರು, ಹೆತ್ತವರ ಹೆಸರುಗಳಷ್ಟೇ ಅಲ್ಲ, ಚಲನಚಿತ್ರ ನಟರ ಮುಖ, ಅವರ ಬಿರುದು, ಕ್ರೀಡಾಪಟುವಿನ ಅಂಗಿಯ ಸಂಖ್ಯೆ, ಯಾವುದೋ ಚಿತ್ರದ ಸಂಭಾಷಣೆಯ ತುಣುಕು ಇವೆಲ್ಲವೂ ಚರ್ಮವನ್ನೇರಿ ಕುಳಿತಿವೆ. “ಮಗ ಹೇಳದೆ ಕೇಳದೆ ನಟನ ಮುಖವನ್ನು ತೋಳಿನ ಮೇಲೆ ಚುಚ್ಚಿಸಿಕೊಂಡು ಬಂದಿದ್ದಾನೆ. ಲಿಂಗ ಧರಿಸುವ ಮೈಮೇಲೆ ಇದು ಸರಿಯೇ, ಬುದ್ಧಿ?” ಎಂದು ತಂದೆತಾಯಂದಿರು ಮಠಗಳಿಗೆ ಬಂದು ಕೇಳುವುದುಂಟು. ಕೆಲವರು ಇದನ್ನು ಮಹಾಪರಾಧವೆಂದು ಬಗೆದು ಮಗನನ್ನು ಬೈದು ಕಳೆಯುತ್ತಾರೆ. ಮತ್ತೆ ಕೆಲವರು ಹುಡುಗು ವಯಸ್ಸಿನ ಹುಚ್ಚೆಂದು ನಕ್ಕು ಸುಮ್ಮನಾಗುತ್ತಾರೆ. ಇವೆರಡರಿಂದಲೂ ಆ ಮಗನಿಗೆ ಉತ್ತರ ದೊರೆತಂತಾಗಲಿಲ್ಲ. ಆದುದರಿಂದ ಈ ವಿಷಯವನ್ನು ತುಸು ಸಮಾಧಾನದಿಂದ ವಿಚಾರಿಸುವುದು ಲೇಸೆಂದು ನಮಗೆ ತೋರಿತು.

ಹಚ್ಚೆ ನಮ್ಮವರಿಗೆ ಹೊಸತಲ್ಲ

ಮೊದಲಿಗೆ ಒಂದು ಮಾತು. ಹಚ್ಚೆಯನ್ನು ಪರದೇಶದಿಂದ ಬಂದ ಪಿಡುಗೆಂದು ಹಳಿಯುವವರು ತಮ್ಮ ಮನೆಯ ಅಜ್ಜಿಯರ ಕೈಗಳನ್ನು ನೆನಪಿಸಿಕೊಳ್ಳಬೇಕು. ಉತ್ತರ ಕರ್ನಾಟಕದಲ್ಲಿ ಹಣಚಿಬೊಟ್ಟು ಎಂದೂ ಕರೆಯಲಾಗುವ ಹಚ್ಚೆಯನ್ನು ಹಾಕುತ್ತ ಕೊರವರ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಊರೂರು ತಿರುಗುತ್ತಿದ್ದರು. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಕೂಡಿಸಿ ಕಟ್ಟಿದ ಸೂಜಿಗಳಿಂದ ಚುಚ್ಚಿ, ನೋವು ಮರೆಯಲೆಂದು ಹಾಡು ಹೇಳುತ್ತ ಅವರು ಚುಕ್ಕಿ, ಚೇಳು, ತುಳಸಿಕಟ್ಟೆ, ತೊಟ್ಟಿಲುಗಳನ್ನು ಮೂಡಿಸುತ್ತಿದ್ದರು. ತವರಿನ ಹೆಸರು, ಅಣ್ಣತಮ್ಮಂದಿರ ಹೆಸರು, ಗಂಡನ ಹೆಸರುಗಳೂ ಅಲ್ಲಿ ಇರುತ್ತಿದ್ದವು. ಮೈಮೇಲಿನ ಒಡವೆಯನ್ನು ಕೊನೆಗೆ ಬಿಚ್ಚಿಕೊಳ್ಳುತ್ತಾರೆ, ಹಚ್ಚೆಯೊಂದೇ ಜೊತೆಗೆ ಬರುವುದು ಎಂಬ ನಂಬಿಕೆ ಹಳ್ಳಿಗಳಲ್ಲಿ ಬೇರೂರಿತ್ತು. ಬಡವಳಿಗೂ ದೊರೆಯುತ್ತಿದ್ದ, ಕಳ್ಳನು ಕದಿಯಲಾರದ ಆಭರಣ ಅದು.

ಪೆಸಿಫಿಕ್ ಸಾಗರದ ದ್ವೀಪಗಳಲ್ಲಿಯೂ ಈ ಕಲೆ ಪುರಾತನವಾದುದು. 1769ರಲ್ಲಿ ಕ್ಯಾಪ್ಟನ್ ಕುಕ್ಕನ ನೌಕೆ ತಹಿತಿ ದ್ವೀಪವನ್ನು ಮುಟ್ಟಿದಾಗ ಅಲ್ಲಿನವರ ‘ತತವ್’ ಎಂಬ ಮಾತು ಆಂಗ್ಲರ ಕಿವಿಗೆ ಬಿದ್ದು, ಇಂದಿನ ‘ಟ್ಯಾಟೂ’ ಎಂಬ ಪದವಾಯಿತು. ಎಡಿಸನ್ನನ ವಿದ್ಯುತ್ ಲೇಖನಿಯ ತತ್ತ್ವವನ್ನು ಅನುಸರಿಸಿ 1891ರಲ್ಲಿ ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಓ’ರೈಲಿ ಹಚ್ಚೆಯ ವಿದ್ಯುತ್ ಯಂತ್ರಕ್ಕೆ ಪೇಟೆಂಟ್ ಪಡೆದನು. ಅಲ್ಲಿಂದ ಮುಂದೆ ಕೈಸೂಜಿಯ ಕೆಲಸ ಯಂತ್ರದ ಕೆಲಸವಾಗಿ, ಹಗುರವೂ ತ್ವರಿತವೂ ಆಯಿತು. ಇಂದು ಒಂದು ಛಾಯಾಚಿತ್ರವನ್ನು ತೋರಿಸಿದರೆ ಸಾಕು, ಕೆಲವು ಗಂಟೆಗಳಲ್ಲಿ ಅದೇ ಮುಖ ತೋಳಿನ ಮೇಲೆ ಮೂಡುತ್ತದೆ.

ಬದಲಾದುದು ಯಾವುದು?

ಹಾಗಾದರೆ ಬದಲಾದುದು ಹಚ್ಚೆಯಲ್ಲ, ಹಚ್ಚೆಯೊಳಗಿನ ಸಂಬಂಧ. ಅಜ್ಜಿಯ ಕೈಮೇಲಿದ್ದ ಹೆಸರು ಅವಳನ್ನು ಬಲ್ಲವರದು. ಅವಳ ಕಷ್ಟಕ್ಕೆ ಬಂಡಿ ಕಟ್ಟಿಕೊಂಡು ಓಡಿ ಬರುವ ಅಣ್ಣನದು. ಇಂದಿನ ತೋಳಿನ ಮೇಲಿರುವ ಮುಖವಾದರೋ ಆ ತೋಳಿನವನನ್ನು ಒಮ್ಮೆಯೂ ಕಂಡರಿಯದವರದು. ಪ್ರೀತಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಅರ್ಜೆಂಟೀನಾ ದೇಶವು 2022ರ ಡಿಸೆಂಬರ್ 18ರಂದು ಕಾಲ್ಚೆಂಡಿನ ವಿಶ್ವಕಪ್ ಗೆದ್ದಾಗ ಅಲ್ಲಿನ ಜನ ಮೆಸ್ಸಿಯ ಮುಖವನ್ನು ಚುಚ್ಚಿಸಿಕೊಳ್ಳಲು ಹಚ್ಚೆಯಂಗಡಿಗಳ ಮುಂದೆ ಸಾಲುಗಟ್ಟಿದರು. ಇದು ಒಂದು ನಾಡಿನ ಸಂಭ್ರಮ. ಅದರಲ್ಲಿ ತಪ್ಪೇನೂ ಕಾಣದು.

ಆದರೆ ಇದೇ ಪ್ರೀತಿ ಬೇರೆಯವರ ಕೈಯ ಉಪಕರಣವಾಗುವುದೂ ಉಂಟು. ನೆರೆಯ ತಮಿಳುನಾಡಿನಲ್ಲಿ 2016ರ ಫೆಬ್ರವರಿಯಲ್ಲಿ, ನಮ್ಮ ಮೇಲುಕೋಟೆಯಲ್ಲಿ ಜನಿಸಿ ಚಿತ್ರನಟಿಯಾಗಿ ಮುಖ್ಯಮಂತ್ರಿಯಾದ ಜಯಲಲಿತಾ ಅವರ 68ನೆಯ ಹುಟ್ಟುಹಬ್ಬದ ನಿಮಿತ್ತ ಚೆನ್ನೈನ ವೇಳಚೇರಿಯಲ್ಲಿ ಪಕ್ಷದವರು ಸಾಮೂಹಿಕ ಹಚ್ಚೆಯ ಕಾರ್ಯಕ್ರಮವನ್ನೇ ಏರ್ಪಡಿಸಿದರು. ನೂರಾರು ಮಂದಿ ಅವರ ಮುಖವನ್ನು ಮುಂಗೈಮೇಲೆ ಚುಚ್ಚಿಸಿಕೊಂಡರು. ನೋವಿನಿಂದ ಮುಖ ಕಿವುಚಿದ, ಕಣ್ಣೀರಿಟ್ಟ ಹೆಣ್ಣುಮಕ್ಕಳ ದೃಶ್ಯಗಳನ್ನು ದೇಶವೆಲ್ಲ ಕಂಡಿತು. ಅದೇ ವರ್ಷದ ಡಿಸೆಂಬರ್ 5ರಂದು ಆ ನಾಯಕಿ ತೀರಿಕೊಂಡರು. ಬಳಿಕ ಪಕ್ಷವೇ ಬಣಗಳಾಗಿ ಒಡೆಯಿತು. ಹಚ್ಚೆ ಮಾತ್ರ ಆ ಬಡವರ ಕೈಮೇಲೆ ಉಳಿಯಿತು.

ಬದುಕಿರುವವರ ಹೆಸರು ಚುಚ್ಚಿಸಿಕೊಳ್ಳುವುದರಲ್ಲಿ ಇನ್ನೊಂದು ತೊಡಕಿದೆ. ಅವರ ಬಾಳಿನ ಕಥೆ ಇನ್ನೂ ಮುಗಿದಿರುವುದಿಲ್ಲ. ನಾಳೆ ಅವರು ಏನು ಮಾಡಿಯಾರೆಂಬುದನ್ನು ಹಚ್ಚೆ ಹಾಕಿಸಿಕೊಂಡವನು ಬಲ್ಲವನಲ್ಲ. 2024ರಲ್ಲಿ ಕನ್ನಡದ ಪ್ರಸಿದ್ಧ ನಟರೊಬ್ಬರು ಕೊಲೆಯ ಆರೋಪದ ಮೇಲೆ ಬಂಧಿತರಾದಾಗ, ಸೆರೆಮನೆಯಲ್ಲಿ ಅವರಿಗೆ ಕೊಟ್ಟ ಕೈದಿ ಸಂಖ್ಯೆಯನ್ನೇ ಕೆಲವು ಅಭಿಮಾನಿಗಳು ಮೈಮೇಲೆ ಚುಚ್ಚಿಸಿಕೊಂಡರು, ವಾಹನಗಳ ಮೇಲೆ ಬರೆಸಿಕೊಂಡರು. ಆ ಆರೋಪದ ಸತ್ಯಾಸತ್ಯವನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ. ಆದರೆ ಒಂದು ಮನೆಯಲ್ಲಿ ಮಗನ ಹೆಣ ಮಣ್ಣಾಗಿರುವಾಗ ಮತ್ತೊಬ್ಬರ ಕೈದಿ ಸಂಖ್ಯೆ ಆಭರಣವಾಗುವುದೆಂದರೆ, ಅಭಿಮಾನವು ದಯೆಯನ್ನು ಮರೆತಿದೆಯೆಂದೇ ಅರ್ಥ. ದಯೆಯನ್ನು ಧರ್ಮದ ಮೂಲವೆಂದು ನಂಬಿದ ನಮ್ಮ ಮನೆಗಳಲ್ಲಿ ಇದನ್ನು ಮಕ್ಕಳಿಗೆ ತಿಳಿಯಹೇಳದೆ ಇರಲಾಗದು.

ಕುರುಹು ಏತಕ್ಕೆ?

ಲಿಂಗಾಯತರಾದ ನಮಗೆ ಮೈಮೇಲಿನ ಕುರುಹು ಅಪರಿಚಿತವಲ್ಲ. ಅಷ್ಟಾವರಣಗಳಲ್ಲಿ ಲಿಂಗ, ವಿಭೂತಿ, ರುದ್ರಾಕ್ಷಿಗಳು ಅಂಗದ ಮೇಲೆ ಧರಿಸುವಂಥವೇ. ದೇಹವನ್ನೇ ದೇವಾಲಯವೆಂದು ಬಗೆದ ಬಸವಣ್ಣನವರ ಪರಂಪರೆಯಲ್ಲಿ ದೇಹವು ಹೇಯವಾದ ವಸ್ತುವಲ್ಲ. ಅದು ಪೂಜೆಯ ತಾಣ. ಹೀಗಿರುವಾಗ ಆ ತಾಣದ ಗೋಡೆಯ ಮೇಲೆ ಏನನ್ನು ಬರೆಯಬೇಕೆಂಬ ಪ್ರಶ್ನೆ ಸಹಜವೇ ಆಗಿದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮ ಕುರುಹುಗಳಲ್ಲಿ ಯಾವುದೂ ಚರ್ಮದೊಳಗೆ ಇಳಿದುದಲ್ಲ. ಇಷ್ಟಲಿಂಗವನ್ನು ನಿತ್ಯವೂ ಎಡಗೈಯ ಅಂಗೈಗೆ ತಂದುಕೊಂಡು ಪೂಜಿಸಿ ಮತ್ತೆ ಧರಿಸಬೇಕು. ವಿಭೂತಿಯಂತೂ ಬೆವರಿಗೆ ಕರಗುತ್ತದೆ, ನೀರಿಗೆ ತೊಳೆದುಹೋಗುತ್ತದೆ. ಬಾದಾಮಿಯ ಬಳಿ 1909ರಲ್ಲಿ ಹಾನಗಲ್ಲ ಕುಮಾರ ಶಿವಯೋಗಿಗಳು ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಗೋಮಯದಿಂದ ವಿಭೂತಿ ಸಿದ್ಧಗೊಳ್ಳುವುದನ್ನು ಕಂಡವರು ಬಲ್ಲರು: ಒಣಗಿಸಿ, ಸುಟ್ಟು, ಸೋಸಿ, ಗಟ್ಟಿ ಕಟ್ಟಿ, ಎಷ್ಟೊಂದು ಶ್ರಮ! ಇಷ್ಟು ಶ್ರಮದ ವಸ್ತು ಹಣೆಯ ಮೇಲೆ ಒಂದು ದಿನವೂ ನಿಲ್ಲದು. ನಿಲ್ಲದಿರುವುದೇ ಅದರ ಮಹತ್ತು. ಮರುದಿನ ಬೆಳಗ್ಗೆ ಮತ್ತೆ ಹಚ್ಚಿಕೊಳ್ಳಬೇಕಾದುದರಿಂದಲೇ “ಇಂದು ನಾನು ಹೇಗೆ ಬಾಳುವೆನು?” ಎಂಬ ಪ್ರಶ್ನೆ ಮತ್ತೆ ಎದುರಾಗುತ್ತದೆ. ಕುರುಹು ನಮ್ಮನ್ನು ಅರಿವಿಗೆ ಎಚ್ಚರಿಸುವುದು ಹೀಗೆ.

ಹಚ್ಚೆಯ ಸ್ವಭಾವ ಇದಕ್ಕೆ ವಿರುದ್ಧವಾದುದು. ಒಮ್ಮೆ ನೋವು ಉಂಡರೆ ತೀರಿತು. ಆಮೇಲೆ ಅದು ಏನನ್ನೂ ಕೇಳುವುದಿಲ್ಲ. ಚರ್ಮದ ಮೇಲ್ಪದರ ಸವೆದು ಹೊಸದಾಗುತ್ತಿದ್ದರೂ ಬಣ್ಣವು ಅದರ ಕೆಳಗಿನ ಪದರದಲ್ಲಿ ನೆಲೆಸಿರುತ್ತದೆ. ಅಲ್ಲಿ ಶರೀರದ ಕಾವಲು ಕಣಗಳು ಬಣ್ಣವನ್ನು ಹೊರಗಿನ ಶತ್ರುವೆಂದು ಬಗೆದು ನುಂಗುತ್ತವೆ, ಆದರೆ ಕರಗಿಸಲಾರವು. ಅಂತಹ ಕಣವೊಂದು ಸತ್ತು ಬಣ್ಣವನ್ನು ಬಿಟ್ಟಾಗ ಹೊಸತಾಗಿ ಬಂದ ಕಣ ಅದನ್ನು ಮತ್ತೆ ನುಂಗಿ ಹಿಡಿದಿಡುತ್ತದೆಂದು ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಿಂದ 2018ರಲ್ಲಿ ತೋರಿಸಿಕೊಟ್ಟರು. ಹಚ್ಚೆ ಅಳಿಯದಿರುವುದರ ಗುಟ್ಟು ಇದು. ಅದನ್ನು ಕಾಯುವ ಕೆಲಸ ನಡೆದೇ ಇರುತ್ತದೆ, ಆದರೆ ನಮ್ಮ ಅರಿವಿಲ್ಲದೆ. ವಿಭೂತಿಯನ್ನಾದರೋ ಅರಿವಿದ್ದವನೇ ಕಾಯಬೇಕು.

“ಹಾಗಾದರೆ ಬಸವಣ್ಣನವರ ಚಿತ್ರವನ್ನೋ ಶಿವಲಿಂಗವನ್ನೋ ಚುಚ್ಚಿಸಿಕೊಳ್ಳಬಹುದಲ್ಲ?” ಎಂದು ಕೇಳುವ ತರುಣರಿದ್ದಾರೆ. ಅವರಿಗೂ ನಮ್ಮ ಉತ್ತರ ಇದೇ. ಚಿತ್ರ ಯಾರದಾದರೂ ಆಗಲಿ, ನಡತೆಯಿಂದ ನಿತ್ಯ ಹೊಸತಾಗದ ಕುರುಹು ಬರಿಯ ಕಲೆಯಾಗಿ ಉಳಿಯುತ್ತದೆ. ಕಾಯಕ ದಾಸೋಹಗಳಿಲ್ಲದವನ ತೋಳಿನಲ್ಲಿ ಬಸವಣ್ಣನವರಿದ್ದರೂ ಅಷ್ಟೆ, ನಟನಿದ್ದರೂ ಅಷ್ಟೆ.

ಮನೆಯವರು ತಿಳಿದಿರಬೇಕಾದ ಸಂಗತಿಗಳು

ತತ್ತ್ವದ ಮಾತು ಹಾಗಿರಲಿ. ಸಂಸಾರಸ್ಥರು ಕೆಲವು ವ್ಯಾವಹಾರಿಕ ಸಂಗತಿಗಳನ್ನೂ ತಿಳಿದಿರಬೇಕು. ಒಬ್ಬರಿಗೆ ಬಳಸಿದ ಸೂಜಿಯನ್ನೋ ಬಣ್ಣವನ್ನೋ ಮತ್ತೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್.ಐ.ವಿ.ಗಳಂತಹ ಸೋಂಕು ಹರಡಬಹುದು. ಜಾತ್ರೆ, ಸಂತೆಗಳಲ್ಲಿ ಅಗ್ಗದ ದರಕ್ಕೆ ಹಾಕಿಸಿಕೊಳ್ಳುವವರು ಇದನ್ನು ಮರೆಯಬಾರದು. ಹಚ್ಚೆಯ ಬಣ್ಣಗಳಲ್ಲಿ ಭಾರಲೋಹಗಳು ಕಂಡುಬಂದಿರುವುದನ್ನು 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವರೇ ಪ್ರಸ್ತಾಪಿಸಿ, ಇವುಗಳಿಗೆ ನಿಯಂತ್ರಣ ಅಗತ್ಯವೆಂದಿದ್ದರು.

ಸೇನೆಗೆ ಸೇರಬಯಸುವ ಮಕ್ಕಳು ನಮ್ಮ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆ ಬಹಳ. ಭೂಸೇನೆಯ ಭರ್ತಿಯ ನಿಯಮದಂತೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಭಾಗದಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಶಾಶ್ವತ ಹಚ್ಚೆಗೆ ಅವಕಾಶವಿದೆ. ಬುಡಕಟ್ಟಿನವರಿಗೆ ಅವರ ಸಂಪ್ರದಾಯದಂತೆ ವಿನಾಯಿತಿಯುಂಟು. ಎದೆಯ ಮೇಲೋ ಕುತ್ತಿಗೆಯ ಮೇಲೋ ನಟನನ್ನು ಹೊತ್ತವನು ಎಷ್ಟು ವೇಗವಾಗಿ ಓಡಿದರೂ ವೈದ್ಯಕೀಯ ಪರೀಕ್ಷೆಯಲ್ಲಿ ಹಿಂದೆ ಬೀಳಬಹುದು. ಲೇಸರ್‌ನಿಂದ ಅಳಿಸಬಹುದೆಂಬ ಧೈರ್ಯವೂ ಸಲ್ಲದು. ಅದಕ್ಕೆ ಹಲವು ಬಾರಿ ಚಿಕಿತ್ಸೆ ಬೇಕು. ಖರ್ಚು ಹಾಕಿಸಿದ್ದಕ್ಕಿಂತ ಅಧಿಕ. ಕೆಲವೊಮ್ಮೆ ಗುರುತು ಪೂರ್ತಿ ಹೋಗುವುದೂ ಇಲ್ಲ.

ಇನ್ನೊಂದು ಸಂಗತಿ ಅಭಿಮಾನಿಗಳಿಗೇ ಸಂಬಂಧಿಸಿದ್ದು. ನೆಚ್ಚಿನ ನಟನ ಹುಟ್ಟುಹಬ್ಬಕ್ಕೆ ರಕ್ತದಾನ ಶಿಬಿರ ನಡೆಸುವುದು ನಮ್ಮ ನಾಡಿನ ಒಳ್ಳೆಯ ರೂಢಿ. ಆದರೆ ನಮ್ಮ ದೇಶದ ರಕ್ತದಾನದ ಮಾರ್ಗಸೂಚಿಯಂತೆ ಹಚ್ಚೆ ಹಾಕಿಸಿಕೊಂಡವನು 12 ತಿಂಗಳು ರಕ್ತ ಕೊಡುವಂತಿಲ್ಲ. ನಟನ ಹೆಸರನ್ನು ಮೈಗೆ ಚುಚ್ಚಿಸಿಕೊಂಡವನು ಆ ನಟನ ಹೆಸರಿನ ಶಿಬಿರದಲ್ಲಿಯೇ ಒಂದು ವರ್ಷ ಕೈಕಟ್ಟಿ ನಿಲ್ಲಬೇಕಾಗುತ್ತದೆ!

ಅಪ್ಪು ಬಿಟ್ಟುಹೋದುದು

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ ನಾಡು ಮರುಗಿದುದನ್ನು ನಾವೆಲ್ಲ ಕಂಡಿದ್ದೇವೆ. ಆ ದುಃಖದಲ್ಲಿ ಅಸಂಖ್ಯ ತರುಣರು ‘ಅಪ್ಪು’ ಎಂಬ ಎರಡಕ್ಷರವನ್ನೋ ಆ ನಗುಮುಖವನ್ನೋ ಎದೆ ತೋಳುಗಳ ಮೇಲೆ ಚುಚ್ಚಿಸಿಕೊಂಡರು. ಆ ಕಂಬನಿ ಸುಳ್ಳಲ್ಲ. ಅದನ್ನು ಹಾಸ್ಯ ಮಾಡುವುದು ಸಲ್ಲದು.

ಆದರೆ ಅಪ್ಪು ತಮ್ಮ ಶರೀರವನ್ನು ಏನು ಮಾಡಿದರೆಂಬುದನ್ನೂ ನೆನೆಯಬೇಕು. 1994ರಲ್ಲಿ ಬೆಂಗಳೂರಿನಲ್ಲಿ ತಮ್ಮ ಹೆಸರಿನ ನೇತ್ರಬ್ಯಾಂಕು ಆರಂಭವಾದಾಗ ಡಾ. ರಾಜಕುಮಾರ್ ಅವರು ತಮ್ಮ ಕುಟುಂಬದವರೆಲ್ಲರ ಕಣ್ಣುಗಳನ್ನು ದಾನ ಮಾಡುವುದಾಗಿ ಮಾತು ಕೊಟ್ಟಿದ್ದರು. ಅಭಿಮಾನಿಗಳನ್ನೇ ದೇವರೆಂದು ಕರೆದ ಅವರು 2006ರಲ್ಲಿ ತೀರಿಕೊಂಡಾಗ ಆ ಮಾತು ನಡೆಯಿತು. 2017ರಲ್ಲಿ ಪಾರ್ವತಮ್ಮನವರ ವಿಷಯದಲ್ಲಿಯೂ ನಡೆಯಿತು. ಅಪ್ಪುವಿನ ಎರಡು ಕಣ್ಣುಗಳ ಪಾರದರ್ಶಕ ಪಟಲಗಳನ್ನು ವೈದ್ಯರು ಪದರ ಪದರವಾಗಿ ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ನೀಡಿದರು. ಅದನ್ನು ಕಂಡು ನೇತ್ರದಾನಕ್ಕೆ ಹೆಸರು ನೋಂದಾಯಿಸಲು ಜನ ಮುಗಿಬಿದ್ದರು. ಅಭಿಮಾನವು ಅರಿವಾಗಿ ಮಾರ್ಪಟ್ಟ ಗಳಿಗೆ ಅದು.

ನಮ್ಮ ಸಮಾಜದ ಹಿರಿಯರಲ್ಲಿ ಈ ಬಗ್ಗೆ ಒಂದು ಅಳುಕಿದೆ. ಲಿಂಗೈಕ್ಯರಾದವರನ್ನು ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವಿರಿಸಿ, ವಿಭೂತಿಗಟ್ಟಿಗಳೊಡನೆ ಸಮಾಧಿ ಮಾಡುವುದು ನಮ್ಮ ಪದ್ಧತಿ. ಶರೀರವು ಊನವಾದರೆ ಐಕ್ಯಕ್ಕೆ ಬಾಧಕವಲ್ಲವೇ ಎಂದು ಅವರು ಕೇಳುತ್ತಾರೆ. ಶರಣರ ತತ್ತ್ವವನ್ನು ಅರಿತ ಮಟ್ಟಿಗೆ ನಾವು ಹೇಳುವುದಿಷ್ಟು: ಐಕ್ಯವೆಂಬುದು ಬದುಕಿರುವಾಗಲೇ ಸಾಧಿಸಬೇಕಾದ ಸ್ಥಿತಿ, ಮಣ್ಣಿಗೆ ಸೇರುವ ಎರಡು ಪಟಲಗಳಿಂದ ಅದು ಕೂಡುವುದೂ ಇಲ್ಲ, ಕೆಡುವುದೂ ಇಲ್ಲ. ತನುವಿನ ದಾಸೋಹಕ್ಕೆ ಇದಕ್ಕಿಂತ ಮಿಗಿಲಾದ ಕೊನೆಯ ಅವಕಾಶ ಯಾವುದಿದೆ? ಕಣ್ಣು ತೆಗೆಯುವ ಕ್ರಿಯೆಗೆ ಅರ್ಧ ಗಂಟೆಯೂ ಹಿಡಿಯದು, ಮುಖ ವಿಕಾರವಾಗದು, ಸಮಾಧಿಯ ವಿಧಿಗೆ ತಡೆಯಾಗದು. ಮರಣದ ಬಳಿಕ ಸುಮಾರು 6 ಗಂಟೆಗಳೊಳಗೆ ಹತ್ತಿರದ ನೇತ್ರಬ್ಯಾಂಕಿಗೆ ತಿಳಿಸಿ, ರೆಪ್ಪೆಗಳನ್ನು ಮುಚ್ಚಿ ಮೇಲೆ ಒದ್ದೆಯ ಹತ್ತಿಯನ್ನಿರಿಸಬೇಕು. ಕನ್ನಡಕ ಹಾಕಿದವರೂ ವೃದ್ಧರೂ ಕೊಡಬಹುದು. ಆದರೆ ಹೆಪಟೈಟಿಸ್, ಎಚ್.ಐ.ವಿ. ತಗಲಿದವರ ಕಣ್ಣುಗಳನ್ನು ಬಳಸುವಂತಿಲ್ಲ. ಕೊಳಕು ಸೂಜಿಯಿಂದ ಅಪ್ಪುವನ್ನು ಚುಚ್ಚಿಸಿಕೊಂಡು ರೋಗ ತಂದುಕೊಂಡವನು ಅಪ್ಪು ಮಾಡಿದ ದಾನವನ್ನೇ ಮಾಡಲಾರದವನಾಗುತ್ತಾನೆ.

ತಂದೆತಾಯಂದಿರಲ್ಲಿ ಒಂದು ವಿನಂತಿ. ಹಚ್ಚೆ ಹಾಕಿಸಿಕೊಂಡು ಬಂದ ಮಗನನ್ನಾಗಲಿ ಮಗಳನ್ನಾಗಲಿ ಊಟಕ್ಕೆ ಕರೆಯದೆ ದೂರ ಮಾಡಬೇಡಿರಿ. ಹಚ್ಚೆಯಿದ್ದವರ ಕೊರಳಿಂದ ಲಿಂಗವೇನೂ ಇಳಿದುಹೋಗುವುದಿಲ್ಲ. ಇನ್ನೂ ಹಾಕಿಸಿಕೊಳ್ಳದ ಮಕ್ಕಳಿಗೆ ಹದಿನೆಂಟು ತುಂಬುವವರೆಗೆ ತಾಳೆನ್ನಿರಿ. ತುಂಬಿದ ಮೇಲೂ ಒಂದು ವರ್ಷ ಯೋಚಿಸೆನ್ನಿರಿ. ಈಗಾಗಲೇ ಹಾಕಿಸಿಕೊಂಡವನ ಹತ್ತಿರ ಕುಳಿತು, “ಇವರಲ್ಲಿ ನಿನಗೆ ಮೆಚ್ಚಿಕೆಯಾದ ಗುಣ ಯಾವುದಪ್ಪ?” ಎಂದು ಕೇಳಿರಿ. ಅವನು ಹೇಳುವ ಗುಣ ಒಳ್ಳೆಯದಾಗಿದ್ದರೆ ಅದನ್ನು ಈ ವಾರ ಮನೆಯಲ್ಲಿ ಹೇಗೆ ನಡೆಸಬಹುದೆಂದು ಅವನೊಡನೆಯೇ ಗೊತ್ತುಮಾಡಿರಿ. ಒಂದು ನೇತ್ರದಾನದ ಪತ್ರವನ್ನು ಮನೆಮಂದಿಯೆಲ್ಲ ಕೂಡಿ ತುಂಬಿರಿ. ಹೇಳಲು ಗುಣವೇ ದೊರೆಯದಿದ್ದರೆ ಆ ಮೌನ ಅವನಿಗೆ ಪಾಠವಾದೀತು.