ನೋವಿಲ್ಲದ ಗಂಟು

"ಅಕ್ಕಾರ, ನೋವಿಲ್ರಿ. ಸುಮ್ನ ಒಂದು ಗಂಟೈತಿ."

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಸರಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದ ನಾನು ಎಲ್ಲಕ್ಕಿಂತ ಹೆಚ್ಚು ಹೆದರಿದ್ದು ಈ ಮಾತಿಗೆ. ನೋವಿದ್ದರೆ ನಮ್ಮ ಹೆಂಗಸರು ಹೇಗೋ ಬರುತ್ತಾರೆ. ನೋಯದ ಗಂಟಿನ ಸುದ್ದಿಯನ್ನು ಗಂಡನಿಗೂ ಹೇಳದೆ ದಿನ ನೂಕುತ್ತಾರೆ. ಬ್ಯಾಡಗಿಯಲ್ಲಾದರೆ ಮೆಣಸಿನಕಾಯಿ ಸೀಜನ್ ಮುಗಿಯಬೇಕು. ತೊಟ್ಟು ಬಿಡಿಸುವ ಕೂಲಿ ವರ್ಷವಿಡೀ ಸಿಗುವಂಥದ್ದಲ್ಲ. ರಾಣೆಬೆನ್ನೂರು ಕಡೆ ಹೈಬ್ರಿಡ್ ಬೀಜದ ಪ್ಲಾಟಿನಲ್ಲಿ ಹೂವಿನ ಕ್ರಾಸಿಂಗ್ ಕೆಲಸ ಮುಗಿಯಬೇಕು. ಆಮೇಲೆ ಜಾತ್ರೆ, ಮಗಳ ಬಾಣಂತನ. ಸ್ತನ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ಹಾಗಾಗಿಯೇ ಅದಕ್ಕೆ ಇಷ್ಟು ಪುರುಸೊತ್ತು ಸಿಗುತ್ತದೆ.

ಹಾಗೆಂದು ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಬಹುಪಾಲು ಅಲ್ಲವೇ ಅಲ್ಲ. ಹರೆಯದವರಲ್ಲಿ ಬೆರಳಿಟ್ಟರೆ ಜಾರುವ ಫೈಬ್ರೋಅಡಿನೋಮ ನಿರಪಾಯಕಾರಿ. ಆದರೆ ಮುಟ್ಟಿ ನೋಡಿ ಇದು ಕ್ಯಾನ್ಸರ್, ಇದು ಅಲ್ಲ ಎಂದು ತೀರ್ಮಾನಿಸುವ ಹಕ್ಕು ನನಗೂ ಇಲ್ಲ, ನಿಮ್ಮ ಅತ್ತೆಗಂತೂ ಇಲ್ಲ. ಗಂಟಷ್ಟೇ ಅಲ್ಲ, ತೊಟ್ಟು ಹೊಸದಾಗಿ ಒಳಸೇರುವುದು, ತೊಟ್ಟಿನಿಂದ ರಕ್ತ ಜಿನುಗುವುದು, ಚರ್ಮ ಕಿತ್ತಳೆ ಸಿಪ್ಪೆಯಂತೆ ಒರಟಾಗುವುದು, ಕಂಕುಳಲ್ಲಿ ಗಡ್ಡೆ ಸಿಗುವುದು ಕೂಡ ತೋರಿಸಬೇಕಾದ ಲಕ್ಷಣಗಳೇ. ಅಪರೂಪಕ್ಕೆ ಗಂಡಸರಿಗೂ ಈ ಕಾಯಿಲೆ ಬರುತ್ತದೆ. ಅವರು ಇನ್ನೂ ತಡ ಮಾಡುತ್ತಾರೆ.

ವೈದ್ಯರು ಕೈಯಿಂದ ಪರೀಕ್ಷಿಸಿ, ಮ್ಯಾಮೋಗ್ರಾಂ ಇಲ್ಲವೇ ಸ್ಕ್ಯಾನ್ ಮಾಡಿಸಿ, ಆಮೇಲೆ ಸೂಜಿಯಿಂದ ಒಂದು ಎಳೆ ಮಾಂಸ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. "ಸೂಜಿ ಚುಚ್ಚಿದ್ರ ಹಬ್ಬತೈತಂತ" ಎಂದು ಈ ಹಂತದಲ್ಲೇ ಎದ್ದು ಹೋದವರನ್ನು ಕಂಡಿದ್ದೇನೆ. ಸೂಜಿಯಿಂದ ಹಬ್ಬುವುದಿಲ್ಲ, ಕಾಯುವುದರಿಂದ ಹಬ್ಬುತ್ತದೆ. ಇನ್ನೊಂದು ಸಂಗತಿ ನೆನೆದರೆ ಈಗಲೂ ಸಿಟ್ಟು ಬರುತ್ತದೆ: ಎಲ್ಲೋ ಗಂಟು ಕೊಯ್ಸಿಕೊಂಡು, ಅದನ್ನು ಪರೀಕ್ಷೆಗೇ ಕಳಿಸದೆ, ವರ್ಷದ ಮೇಲೆ ಅಲ್ಲೇ ಮತ್ತೊಂದು ಗಂಟಿನೊಂದಿಗೆ ಬರುವವರು. ತೆಗೆದ ಗಂಟು ಕಡಲೆಕಾಳಿನಷ್ಟೇ ಇರಲಿ, ಪೆಥಾಲಜಿ ರಿಪೋರ್ಟ್ ಕೇಳಿ ಪಡೆಯಿರಿ.

ಗಂಟು ಕ್ಯಾನ್ಸರ್ ಆಗಿದ್ದರೆ ಆ ರಿಪೋರ್ಟಿನಲ್ಲಿ ಇ.ಆರ್., ಪಿ.ಆರ್., ಹರ್-2 ಎಂಬ ಮೂರು ಹೆಸರಿರುತ್ತವೆ. ಚಿಕಿತ್ಸೆಯ ದಾರಿ ಬಹುಮಟ್ಟಿಗೆ ಅಲ್ಲೇ ಕವಲೊಡೆಯುತ್ತದೆ. ಮೊದಲೆರಡು ಪಾಸಿಟಿವ್ ಇದ್ದರೆ ಹಾರ್ಮೋನು ತಡೆಯುವ ಮಾತ್ರೆ: ಟಮಾಕ್ಸಿಫೆನ್, ಮುಟ್ಟು ನಿಂತವರಿಗೆ ಹೆಚ್ಚಾಗಿ ಲೆಟ್ರೊಜೋಲ್‌ನಂಥವು. ಕನಿಷ್ಠ 5 ವರ್ಷ ದಿನಾ ನುಂಗಬೇಕು. "ಆರಾಮಾಗೇನಲ್ರಿ" ಎಂದು ನಡುವೆ ಬಿಡುವವರು ಬಹಳ. ಹರ್-2 ಪಾಸಿಟಿವ್ ಆದವರಿಗೆ ಟ್ರಾಸ್ಟುಜುಮಾಬ್ ಎಂಬ ಇಂಜೆಕ್ಷನ್. ಒಂದು ಕಾಲಕ್ಕೆ ಹೊಲ ಮಾರಿದರೂ ಸಾಲದ ಔಷಧಿ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ಬಯೋಸಿಮಿಲರ್, ಅಂದರೆ ಅದೇ ಬಗೆಯ ಅಗ್ಗದ ಔಷಧಿ, ಮಾರುಕಟ್ಟೆಗೆ ತಂದಿತು. ಮೂರೂ ನೆಗೆಟಿವ್ ಆದರೆ ಮುಖ್ಯವಾಗಿ ಕೀಮೋವನ್ನೇ ನೆಚ್ಚಬೇಕು.

ಕೀಮೋ ಎಂದರೆ ಕೂದಲಿನ ಚಿಂತೆ. ಕೆಂಪು ಬಣ್ಣದ ಔಷಧಿ ಏರಿಸಿದ ಎರಡು ಮೂರು ವಾರದಲ್ಲಿ ಕೂದಲು ಉದುರುತ್ತದೆ, ಚಿಕಿತ್ಸೆ ಮುಗಿದ ಮೇಲೆ ಬರುತ್ತದೆ. ಮೋಟೆಬೆನ್ನೂರು ಕಡೆಯ ಒಬ್ಬ ತಾಯಿ, "ತಿಮ್ಮಪ್ಪಗ ಮುಡಿ ಕೊಟ್ಟೆ ಅಂತೀನಿ ಬಿಡ್ರಿ" ಎಂದು ನಕ್ಕಿದ್ದಳು. ಗಂಟು ದೊಡ್ಡದಿದ್ದರೆ ಕೀಮೋ ಮೊದಲು ಕೊಟ್ಟು, ಅದನ್ನು ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುವುದೂ ಉಂಟು.

ಆಪರೇಷನ್ ಎಂದರೆ ಸ್ತನವನ್ನೇ ತೆಗೆಯುವುದು ಎಂದು ಇನ್ನೂ ಅನೇಕರು ನಂಬಿದ್ದಾರೆ. ಗಂಟನ್ನೂ ಅದರ ಸುತ್ತ ಸ್ವಲ್ಪ ಭಾಗವನ್ನೂ ತೆಗೆದು ರೇಡಿಯೇಷನ್ ಕೊಟ್ಟರೆ, ಪೂರ್ತಿ ತೆಗೆಸಿಕೊಂಡವರಷ್ಟೇ ಕಾಲ ಬದುಕುತ್ತಾರೆ ಎಂದು ಇಟಲಿ ಮತ್ತು ಅಮೆರಿಕದಲ್ಲಿ 20 ವರ್ಷ ಹಿಂಬಾಲಿಸಿದ ಅಧ್ಯಯನಗಳು 2002ರಲ್ಲಿ ತೋರಿಸಿದವು. ಎಲ್ಲರಿಗೂ ಇದು ಒಗ್ಗದು. ಆದರೆ "ಸ್ತನ ಉಳಿಸಬಹುದೇ?" ಎಂದು ಕೇಳಲು ನಾಚಬೇಕಿಲ್ಲ.

ರೇಡಿಯೇಷನ್‌ಗೆ ವಾರಗಟ್ಟಲೆ ದಿನಾ ಹೋಗಬೇಕು. ನಮ್ಮವರಿಗೆ ಸಮೀಪದಲ್ಲಿರುವುದು ಹುಬ್ಬಳ್ಳಿ ನವನಗರದ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ದೂರವಾದರೂ ಸರಕಾರದ್ದು. ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಹೆಸರಾಗಿ ಕಿದ್ವಾಯಿಯ ನಿರ್ದೇಶಕರೂ ಆಗಿದ್ದ, 2025ರಲ್ಲಿ ಪದ್ಮಶ್ರೀ ಪಡೆದ ಡಾ. ವಿಜಯಲಕ್ಷ್ಮಿ ದೇಶಮಾನೆ ಕಲಬುರಗಿಯ ಬಡ ಮನೆಯ ಮಗಳು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಹುಬ್ಬಳ್ಳಿ–ಬೆಂಗಳೂರು ರೈಲು ದಾರಿಯಲ್ಲೇ ಇವೆ. ಆಸ್ಪತ್ರೆಯ ಪ್ರಮಾಣಪತ್ರವಿದ್ದರೆ ಚಿಕಿತ್ಸೆಗೆ ಹೋಗುವ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ, ಜೊತೆಗೊಬ್ಬರಿಗೆ ಮುಕ್ಕಾಲು ಪಾಲು ರಿಯಾಯಿತಿ ಉಂಟು. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ.

ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿ 2021ರಲ್ಲಿ ವರದಿ ಕೊಟ್ಟರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಬರೀ ಕೈಯಿಂದ ಪರೀಕ್ಷಿಸಿದ್ದಕ್ಕೇ 50 ದಾಟಿದವರಲ್ಲಿ ಈ ಕಾಯಿಲೆಯ ಸಾವು ಸುಮಾರು ಶೇ 30ರಷ್ಟು ಇಳಿದಿತ್ತು. ನಮ್ಮಲ್ಲೂ 30 ದಾಟಿದವರಿಗೆ ಈ ತಪಾಸಣೆ ಸರಕಾರದ ಕಾರ್ಯಕ್ರಮದಲ್ಲೇ ಇದೆ. ಮುಂದಿನ ಸಲ ಆಶಾ ಕಾರ್ಯಕರ್ತೆ ಕರೆದಾಗ ಬಿ.ಪಿ., ಶುಗರ್ ನೋಡಿಸಿಕೊಂಡು ಎದ್ದು ಬರಬೇಡಿ. ಎದೆಯನ್ನೂ ನೋಡಿ ಎಂದು ನೀವೇ ಕೇಳಿ.