ನಾರುಜ್ಜಿ ಅಚ್ಚಾದ ಪುಸ್ತಕ

ಹಾಲ್ಕುರಿಕೆ ಕಡೆಯ ಯಾವ ತೋಟಕ್ಕೆ ಹೋದರೂ ತೆಂಗಿನ ಗರಿಯ ಬುಡದಲ್ಲಿ ಬಲೆಯಂಥ ಕಂದು ಸಿಪ್ಪೆ ಕಾಣುತ್ತದೆ. ಒಲೆ ಹಚ್ಚಲು ಆದೀತು ಎನ್ನುವುದು ಬಿಟ್ಟರೆ ನಮಗೆ ಅದರ ಲೆಕ್ಕವಿಲ್ಲ. ಚೀನಾದ ಒಂದು ತಾಳೆ ಜಾತಿಯ ಮರಕ್ಕೂ ಇಂಥದೇ ನಾರಿನ ಹೊದಿಕೆಯುಂಟು. ಅಲ್ಲಿನವರು ಪುಸ್ತಕ ಅಚ್ಚುಹಾಕಿದ್ದು ಆ ನಾರು ಕಟ್ಟಿದ ಕುಂಚದಿಂದ.

ಮೊದಲು ತೆಳುಕಾಗದದ ಮೇಲೆ ಪುಟವನ್ನು ಬರೆಯುತ್ತಾರೆ. ಗಂಜಿ ಸವರಿದ ಹಲಗೆಗೆ ಅದನ್ನು ಬೋರಲು ಅಂಟಿಸಿ, ಹಿಂಬದಿಯ ಕಾಗದವನ್ನು ಉಜ್ಜಿ ತೆಗೆದರೆ ಅಕ್ಷರಗಳು ತಿರುಗುಮುರುಗಾಗಿ ಮರದ ಮೇಲೆ ಉಳಿಯುತ್ತವೆ. ಹಲಗೆ ಪಿಯರ್ ಮರದ್ದು, ಇಲ್ಲವೇ ನಮ್ಮ ಎಲಚಿಯ ಬಳಗದ ಮರದ್ದು. ಕೆತ್ತುವವನು ಅಕ್ಷರವನ್ನು ಮುಟ್ಟದೆ ಸುತ್ತಲಿನ ಮರವನ್ನಷ್ಟೇ ತೆಗೆಯುತ್ತಾನೆ. ದೀಪದ ಮಸಿಗೆ ಅಂಟು, ನೀರು ಬೆರೆಸಿದ ಶಾಯಿ ಸವರಿ, ಕಾಗದ ಹಾಸಿ, ಒಣ ನಾರುಕುಂಚದಿಂದ ಹಗುರವಾಗಿ ಒಮ್ಮೆ ಉಜ್ಜಿದರೆ ಪುಟ ಸಿದ್ಧ. ಒಬ್ಬನೇ ದಿನಕ್ಕೆ 1500 ಹಾಳೆ ತೆಗೆಯುತ್ತಾನೆಂದು 1600ರ ಸುಮಾರಿಗೆ ಚೀನಾದಲ್ಲಿದ್ದ ಪಾದ್ರಿ ಮ್ಯಾಟಿಯೊ ರಿಚಿ ಬರೆದಿದ್ದಾನೆ.

ಯಂತ್ರದ ಒತ್ತಡ ಬೇಕಾಗಲಿಲ್ಲವೇಕೆ? ತೆಳುಕಾಗದದ ಎಳೆಗಳು ನೀರುಶಾಯಿಯನ್ನು ತಾವಾಗಿಯೇ ಹೀರಿಕೊಳ್ಳುತ್ತವೆ. ಶಾಯಿ ಹಿಂಬದಿಗೂ ಇಳಿಯುವುದರಿಂದ ಒಂದೇ ಬದಿಗೆ ಅಚ್ಚುಹಾಕಿ, ಖಾಲಿ ಬದಿ ಒಳಗಾಗುವಂತೆ ಮಡಚುತ್ತಿದ್ದರು. ಯುರೋಪಿನ ಲೋಹದ ಅಚ್ಚುಮೊಳೆ, ಎಣ್ಣೆಶಾಯಿಗಳಿಗೆ ಬಿಗಿಯಾಗಿ ಒತ್ತುವ ಯಂತ್ರವೇ ಬೇಕಿತ್ತು.

ಈ ಹಲಗೆಯಚ್ಚಿನ ಬೇರಿನಲ್ಲಿ ಬೌದ್ಧರ ಭಕ್ತಿಯಿದೆ. ಬುದ್ಧವಚನವನ್ನು ಎಷ್ಟು ಹಂಚಿದರೆ ಅಷ್ಟು ಪುಣ್ಯ. ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಭಿಕ್ಷು ಇತ್ಸಿಂಗ್, ಇಲ್ಲಿನವರು ರೇಷ್ಮೆ ಮತ್ತು ಕಾಗದದ ಮೇಲೆ ಬುದ್ಧನ ರೂಪ ಒತ್ತುತ್ತಿದ್ದರೆಂದು ದಾಖಲಿಸಿದ್ದಾನೆ. ತೇದಿಯಿರುವ, ನಮಗೆ ದಕ್ಕಿದ ಅತಿ ಹಳೆಯ ಇಡೀ ಅಚ್ಚುಪುಸ್ತಕ 868ರ ವಜ್ರಸೂತ್ರ. ವಾಂಗ್ ಜಿಯೆ ಎಂಬಾತ ತಂದೆತಾಯಿಯ ಹೆಸರಿನಲ್ಲಿ ಧರ್ಮಕ್ಕೆ ಹಂಚಲು ಮಾಡಿಸಿದ್ದು. ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ಆ ಸುರುಳಿ ಈಗ ಲಂಡನ್ನಿನಲ್ಲಿದೆ. ಮುಂದೆ 971ರಿಂದ 983ರವರೆಗೆ ಬೌದ್ಧಗ್ರಂಥಗಳ ಇಡೀ ಸಂಗ್ರಹಕ್ಕಾಗಿ ಸುಮಾರು 1,30,000 ಹಲಗೆ ಕೆತ್ತಿದರು.

868ರಲ್ಲಿ ನಮ್ಮಲ್ಲಿ ನೃಪತುಂಗನ ಆಳ್ವಿಕೆ. 'ಕವಿರಾಜಮಾರ್ಗ' ಆಗಲೇ ಬಂದಿತ್ತು. ಆದರೆ ನಮ್ಮ ಗ್ರಂಥಗಳ ಒಡಲು ಓಲೆಗರಿ. ಕಂಠವೆಂಬ ಮೊನೆಯ ಲೇಖನಿಯಿಂದ ಗೀರಿ ಮಸಿ ತುಂಬಲು ಅದು ಹೇಳಿಮಾಡಿಸಿದ್ದು, ಶಾಯಿ ಹೀರಲಾರದು. ನಮಗೆ ಕೊರತೆಯಾದದ್ದು ಕೆತ್ತುವ ಕೈಯಲ್ಲ, ಹೊಯ್ಸಳರ ಗುಡಿಗಳನ್ನು ನೋಡಿದವರಾರೂ ಹಾಗೆನ್ನಲಾರರು. ಕೊರತೆಯಾದದ್ದು ಅಗ್ಗದ ಕಾಗದ.

ಕನ್ನಡಕ್ಕೆ ಅಚ್ಚು ಬಂದದ್ದು ಬಹಳ ತಡವಾಗಿ. ಪಾದ್ರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾದದ್ದು 1817ರಲ್ಲಿ, ಮೊಳೆಗಳಿಂದ. ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಶುರುವಾದದ್ದು ಮಾತ್ರ ಕಲ್ಲಚ್ಚಿನಲ್ಲಿ: ಮೊಳೆ ಜೋಡಿಸದೆ, ಚೀನಾದ ಹಲಗೆಯಂತೆಯೇ ಕೈಬರಹವನ್ನೇ ಕಲ್ಲಿಗಿಳಿಸಿ.